ಹದಿನೈದನೇ ಸಹಿ

ಏಪ್ರಿಲ್ 8, ಸೋಮವಾರ. ಬೆಳಿಗ್ಗೆ 7.40

ಕೆಟಲ್ ಇಟ್ಟಾಯಿತು. ಸಹಿ ಪಟ್ಟಿ ಸ್ಟಾಫ್ ರೂಮಿನ ಕಿಟಕಿ ಪಕ್ಕ. ಪೆನ್ನನ್ನು ದಾರದಿಂದ ಮೇಜಿಗೆ ಕಟ್ಟಿದ್ದೇನೆ — ಪೆನ್ನು ಎಗರಿಸುವುದರಲ್ಲಿ ಮೇಷ್ಟ್ರುಗಳು ಮಕ್ಕಳಿಗಿಂತ ಮುಂದು. ಎಂಟಕ್ಕೆ ಶಿಕ್ಷಕರ ಸಂಬಳದ ಮುಷ್ಕರ ಶುರು, ಇಡೀ ದೇಶದಲ್ಲಿ. ಪಾಠ ಮಾಡುವ ಹಾಗಿಲ್ಲ. ಆದರೆ ಶಾಲೆಗೆ ಬರಬೇಕು, ಸಹಿ ಹಾಕಬೇಕು, ಎರಡೂವರೆ ತನಕ ಕೂರಬೇಕು. ಮನೆಯಲ್ಲಿ ಮಲಗಿದರೆ ಅದು ಮುಷ್ಕರವಲ್ಲ, ರಜೆ. ಮೂರು ಸಲ ಹೇಳಿದ್ದೇನೆ. ನಾಲ್ಕನೇ ಸಲ ಈಗ ಹೇಳುತ್ತೇನೆ.

ನಿನ್ನೆ ಇನ್ನೊಂದು ಸಂಘದವರು ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡರು. ಅಪ್ಪನ ಕಾಲದಲ್ಲಿ ಆ ಸಂಘದ ಹೆಸರು ಎತ್ತಿದರೆ ಪೊಲೀಸರು ಬರುತ್ತಿದ್ದರು. ಈಗ ಅವರಿಗೆ ಮಂತ್ರಿಗಳ ಪಕ್ಕ ಕುರ್ಚಿ. ಇರಲಿ. ನಾವಿದ್ದೇವೆ.

ಮಧ್ಯಾಹ್ನ 3

ಹದಿನಾರಕ್ಕೆ ಹದಿನಾರೂ ಬಂದರು. ಸಂಘದಲ್ಲಿರುವವರೆಲ್ಲ. ನಿಜ ಹೇಳಬೇಕೆಂದರೆ ಹನ್ನೊಂದು ಜನ ಬಂದಾರೆಂದು ಲೆಕ್ಕ ಹಾಕಿದ್ದೆ. ವ್ಯಾಯಾಮದ ಝೆನೊನ್ ಚೆಸ್ ಬೋರ್ಡ್ ತಂದಿದ್ದ. ಮೂವತ್ತು ವರ್ಷದಿಂದ ಸಂಘದಲ್ಲಿದ್ದಾನೆ, ಮೂವತ್ತು ವರ್ಷದಿಂದ ಚೆಸ್ಸಿನಲ್ಲಿ ಮೋಸ ಮಾಡುತ್ತಿದ್ದಾನೆ.

ಕೊರ್ನೆಲಿಯಾ ತಲೆಯಿಂದ ಕಾಲಿನವರೆಗೆ ಕಪ್ಪು ಬಟ್ಟೆ, ಪ್ರತಿಭಟನೆಗೆ. ಜೀವಶಾಸ್ತ್ರ, ಇಪ್ಪತ್ತೇಳು ವಯಸ್ಸು, ಕೆಲಸಕ್ಕೆ ಸೇರಿ ಎರಡು ವರ್ಷ. "ಮೇಡಂ, ನಾವು ಗೆಲ್ತೀವಾ?" ಅಂದಳು. "ಮೊದ್ಲು ಸಹಿ ಹಾಕಮ್ಮ" ಅಂದೆ. ಒಳಗೊಳಗೇ ಖುಷಿಯಾಗಿತ್ತು. ಇಪ್ಪತ್ತೆರಡು ವರ್ಷದಿಂದ ಈ ಶಾಲೆಯ ಸಂಘದ ಅಧ್ಯಕ್ಷೆ ನಾನು. ಇಷ್ಟು ದಿನ ನಡೆಸಿದ್ದು ಕ್ರಿಸ್‌ಮಸ್ ಪ್ಯಾಕೆಟ್ಟು ಮತ್ತು ಶವಸಂಸ್ಕಾರದ ಹೂವಿನ ಚಕ್ರ.

ಏಪ್ರಿಲ್ 10

ಬ್ರೆಡ್ ಅಂಗಡಿಯವಳು ಸಾಲಿನಲ್ಲಿ ಎಲ್ಲರಿಗೂ ಕೇಳುವ ಹಾಗೆ: "ವಾರಕ್ಕೆ ಹದಿನೆಂಟು ಗಂಟೆ ಕೆಲಸ, ವರ್ಷಕ್ಕೆ ಎರಡು ತಿಂಗಳು ರಜೆ. ಇನ್ನೇನು ಬೇಕು ಮೇಡಂ ನಿಮಗೆ?"

"ನಿನ್ನ ಮಗ ಕ್ಲಾಸಲ್ಲಿರ್ತಾನಲ್ಲಮ್ಮ. ಹದಿನೆಂಟೇ ಜಾಸ್ತಿ" ಅಂದೆ.

ಬ್ರೆಡ್ ಕೊಟ್ಟಳು. ನಿನ್ನೆಯದು.

ಏಪ್ರಿಲ್ 12, ಶುಕ್ರವಾರ

ಪಾದ್ರಿ ಸೆವೆರಿನ್ ಕೇಕ್ ತಂದರು. ದೊಡ್ಡ ತಟ್ಟೆ, ಮೇಲೆ ಬಿಳಿ ಬಟ್ಟೆ. ಸೆಪ್ಟೆಂಬರಿನಲ್ಲಿ ಬಂದ ಹುಡುಗ ಪಾದ್ರಿ, ಧರ್ಮಪಾಠಕ್ಕೆ. ಮೂವತ್ತೂ ಆಗಿಲ್ಲ, ಕಿವಿ ಕೆಂಪು.

"ಉಪವಾಸದ ಶುಕ್ರವಾರ ಕೇಕಾ, ಫಾದರ್?" ಅಂದ ಝೆನೊನ್.

"ಮುಷ್ಕರದವರಿಗೆ ವಿನಾಯಿತಿ ಇದೆ."

"ಹಾಗಾದ್ರೆ ಪಟ್ಟಿಗೆ ಸಹಿ ಹಾಕಿ."

"ಬಿಷಪ್ಪರು ನನ್ನ ಚರ್ಮ ಸುಲೀತಾರೆ ಸರ್. ಕೇಕ್ ತನಕ ಪರ್ವಾಗಿಲ್ಲ."

ಪಾಪದ ಪ್ರಾಣಿ. ಹಿಂದಿದ್ದ ಮುದುಕ ಪಾದ್ರಿ ಇಪ್ಪತ್ತು ವರ್ಷದಲ್ಲಿ ನಮ್ಮ ಸ್ಟಾಫ್ ರೂಮಿಗೆ ಕಾಲಿಟ್ಟವರಲ್ಲ, ಒಂದು ಸಭೆಗೂ ಬಂದವರಲ್ಲ. ಶಾಲೆಯಲ್ಲಿ ಶಿಲುಬೆ ಹೇಗೋ ಪಾದ್ರಿಯೂ ಹಾಗೆ, ಗೋಡೆಯ ಮೇಲೆ ಇರುತ್ತಾರೆ, ಲೆಕ್ಕಕ್ಕಿಲ್ಲ.

ಕೇಕ್ ಚೆನ್ನಾಗಿತ್ತು. ಒಣದ್ರಾಕ್ಷಿ ಸ್ವಲ್ಪ ಹೆಚ್ಚು.

ಏಪ್ರಿಲ್ 17, ಬುಧವಾರ

ಇವತ್ತು ಅವರಿಗೆ ಮುಖಭಂಗ. ಬರೆದಿಡಬೇಕು.

ಕೊನೇ ವರ್ಷದ ಮಕ್ಕಳು ಮೇ ತಿಂಗಳಲ್ಲಿ ಮತುರಾ ಪರೀಕ್ಷೆಗೆ ಕೂರಬೇಕಾದರೆ ಅದಕ್ಕೆ ಮೊದಲು ಅವರ ವರ್ಷದ ಅಂಕಗಳಿಗೆ ಶಿಕ್ಷಕರ ಮಂಡಳಿ ಸಭೆ ಸೇರಿ ಒಪ್ಪಿಗೆ ಕೊಡಬೇಕು. ಸಭೆಗೆ ಅರ್ಧದಷ್ಟಾದರೂ ಜನ ಬೇಕು, ಅಂದರೆ ಹದಿನೈದು. ಹದಿನೈದಿಲ್ಲದಿದ್ದರೆ ಸಭೆಯಿಲ್ಲ, ಸಭೆಯಿಲ್ಲದಿದ್ದರೆ ಒಪ್ಪಿಗೆಯಿಲ್ಲ, ಒಪ್ಪಿಗೆಯಿಲ್ಲದಿದ್ದರೆ ಮತುರಾ ಇಲ್ಲ. ವಾರ್ಸಾದ ಮಂತ್ರಿಗಳಿಗೆ ನಮ್ಮ ಸಂಬಳ ಅರ್ಥವಾಗುವುದಿಲ್ಲ, ಇದು ಅರ್ಥವಾಗುತ್ತದೆ. ನಮ್ಮ ಕೈಯಲ್ಲಿರುವುದು ಇದೊಂದೇ ಹಗ್ಗ.

ಹೆಡ್‌ಮಿಸ್ಟ್ರೆಸ್ ವಾಂಡಾ ಲೈಬ್ರರಿಯಲ್ಲಿ ಸಭೆ ಕರೆದಳು. ನಾವು ಹದಿನಾರೂ ಜನ ಹೊರಗೆ ಕಾರಿಡಾರಿನಲ್ಲಿ ಕುರ್ಚಿ ಹಾಕಿಕೊಂಡು ಕೂತೆವು. ಒಳಗೆ ವಾಂಡಾ ಸೇರಿ ಹದಿಮೂರು. ಅರ್ಧ ಗಂಟೆ ಕಾದಳು. ಹೊರಗೆ ಬಂದಾಗ ಕುತ್ತಿಗೆ ಕೆಂಪಾಗಿತ್ತು.

"ಖುಷಿಯಾಯ್ತಾ ಇರ್ಮಿನಾ?"

"ನಿನ್ನಿಂದಲೇ ಕಲಿತದ್ದು ವಾಂಡಾ."

ಸುಳ್ಳಲ್ಲ. 1993ರ ಮುಷ್ಕರದಲ್ಲಿ ಸಂಘದ ಕಾರ್ಯದರ್ಶಿ ಇವಳೇ. ಇದೇ ಲೈಬ್ರರಿ, ಇದೇ ಮತುರಾ. ಅವಳ ಹಿಂದೆ ಬ್ಯಾನರಿನ ಇನ್ನೊಂದು ತುದಿ ಹಿಡಿದವಳು ನಾನು. ಈಗ ಹೆಡ್‌ಮಿಸ್ಟ್ರೆಸ್. ಆ ಕೋಣೆಗೆ ಹೋದ ಮೇಲೆ ಕಾರ್ಪೆಟ್ ಹಾಕಿಸಿದಳು, ಸಂಘದ ಕಾರ್ಡು ವಾಪಸ್ ಕೊಟ್ಟಳು.

ಕಾರಿಡಾರಿನಲ್ಲಿ ಕೊರ್ನೆಲಿಯಾ ನನ್ನನ್ನು ಅಪ್ಪಿಕೊಂಡಳು. ಇಷ್ಟು ವರ್ಷದಲ್ಲಿ ಶಾಲೆಯಲ್ಲಿ ಯಾರೂ ನನ್ನನ್ನು ಅಪ್ಪಿಕೊಂಡಿರಲಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಏಪ್ರಿಲ್ 21, ಈಸ್ಟರ್

ಅಪ್ಪನ ಮನೆಯಲ್ಲಿ ಬೆಳಗಿನ ಊಟ. ನಮ್ಮದೇ ಕಟ್ಟಡ, ನನ್ನದು ಮೂರನೇ ಮಹಡಿ, ಅವನದು ಕೆಳಗೆ. ಎಂಬತ್ತನಾಲ್ಕು. ಹುಳಿ ಸಾರು ಅವನೇ ಮಾಡಿದ್ದ, ಬಿಳಿ ಸಾಸೇಜ್ ನಾನು ತಂದೆ. ಚರ್ಚಿನಲ್ಲಿ ಮಂತ್ರಿಸಿದ ಮೊಟ್ಟೆಯನ್ನು ಕತ್ತರಿಸಿ ಹಂಚಿಕೊಳ್ಳುವಾಗ ಏನಾದರೂ ಹಾರೈಸಬೇಕು. "ಗೆಲ್ಲು" ಅಂದ. ಅಷ್ಟೇ.

ಆಮೇಲೆ ಸಾಸೇಜಿಗೆ ಮೂಲಂಗಿ ಚಟ್ನಿ ಬಳಿಯುತ್ತಾ: "ಹೆಡ್ಡು ನಿನ್ನ ಒಳಗೆ ಕರೆದ್ರಾ ಇನ್ನೂ?"

"ಇಲ್ಲ."

"ಕರೀತಾರೆ. ಕುರ್ಚಿ ಕೊಡ್ತಾರೆ. ಕೂರ್ಬೇಡ."

"ನಿನಗೆ ಕುರ್ಚಿ ಕೊಟ್ಟಿದ್ರಲ್ಲ."

ಬಾಯಿ ತಪ್ಪಿ ಬಂದದ್ದಲ್ಲ. ಬೇಕೆಂದೇ ಅಂದೆ. ಹಬ್ಬದ ದಿನ, ಮೊಟ್ಟೆ ಇನ್ನೂ ಬಾಯಲ್ಲಿದೆ.

1982. ಹತ್ತಿ ಮಿಲ್ಲಿನಲ್ಲಿ ಅಪ್ಪ ಮೆಕ್ಯಾನಿಕ್. ಮಿಲಿಟರಿ ಆಡಳಿತ ಬಂದಿತ್ತು, ಅಪ್ಪನ ಸಂಘಕ್ಕೆ ನಿಷೇಧ. ಆಫೀಸಿಗೆ ಕರೆದು ಒಂದು ಹಾಳೆ ಮುಂದಿಟ್ಟರು — ಸಂಘ ಬಿಟ್ಟಿದ್ದೇನೆ, ಇನ್ನು ನಿಷ್ಠೆಯಿಂದ ಇರುತ್ತೇನೆ. ಸಹಿ ಹಾಕಿದ. ಅವನ ಪಾಳಿಯಲ್ಲಿ ಹಾಕದವರು ಒಂಬತ್ತು ಜನ. ನನಗೆ ಇಪ್ಪತ್ತೊಂದು, ಕಾಲೇಜಿನಲ್ಲಿ ಕರಪತ್ರ ಹಂಚುತ್ತಿದ್ದೆ. ಮೂರು ವರ್ಷ ಅವನ ಜೊತೆ ಮಾತು ಬಿಟ್ಟೆ. ಅಮ್ಮ ಮಧ್ಯೆ ಮಧ್ಯೆ ಓಡಾಡಿ ಸುಸ್ತಾದಳು. ಆ ಮಿಲ್ಲು ಈಗ ಶಾಪಿಂಗ್ ಮಾಲ್; ಅವನು ಹಾಳೆಗೆ ಸಹಿ ಹಾಕಿದ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಾರೆ.

ಅಪ್ಪ ಸಾರು ಇನ್ನೊಂದು ಸೌಟು ಹಾಕಿದ.

ಏಪ್ರಿಲ್ 23, ಮಂಗಳವಾರ

ಶಾಲೆಗೆ ರಜೆ. ಹನ್ನೊಂದಕ್ಕೆ ವಾಂಡಾಳ ಫೋನು.

"ನಾಳೆ ಒಂದು ಗಂಟೆಗೆ ಮತ್ತೆ ಸಭೆ."

"ಕರೆ. ಕುರ್ಚಿಗೆ ಪಾಠ ಹೇಳು."

"ಇರ್ಮಿನಾ, ಜಗಳಕ್ಕೆ ಮಾಡಿಲ್ಲ. ಒಂದು ಹೇಳ್ತೀನಿ ಕೇಳು. ಹೊರಗೆ ಕೂತ್ರೆ ನಿನ್ನ ಹೆಸರು ಎಲ್ಲೂ ಇರಲ್ಲ. ಬರೀ 'ಗೈರುಹಾಜರಿ'. ಜ್ವರ ಬಂದವ್ರೂ ಗೈರುಹಾಜರಿ, ನೀನೂ ಗೈರುಹಾಜರಿ. ನೀನು ಒಳಗೆ ಬಂದು ಯಾಕೆ ಬೇಡ ಅಂತ ಓದು. ನಡಾವಳಿಯಲ್ಲಿ ಬರೆಸ್ತೀನಿ. ನಡಾವಳಿ ಐವತ್ತು ವರ್ಷ ಇರುತ್ತೆ."

"ನನಗೇನು ತಲೆ ಕೆಟ್ಟಿದೆಯಾ?"

"ಎಣಿಸಿಕೊಂಡು ಬಾ. ಗಣಿತದ ಮೇಡಂ ಅಲ್ವಾ ನೀನು."

ಫೋನಿಟ್ಟೆ. ಕಿಟಕಿ ಒರೆಸಿದೆ. ಅಡುಗೆಮನೆಯ ಕಿಟಕಿಯನ್ನು ಎರಡು ಸಲ ಒರೆಸಿದೆ. ಆಮೇಲೆ ಕೂತು ಹೇಳಿಕೆ ಬರೆದೆ. ಒಂದೂವರೆ ಪುಟ. ಚೆನ್ನಾಗಿ ಬಂದಿದೆ, ನಾನೇ ಹೇಳಿಕೊಳ್ಳಬಾರದು.

ಲೆಕ್ಕ: ಶಿಕ್ಷಕರು ಇಪ್ಪತ್ತೊಂಬತ್ತು. ನಾವು ಹದಿನಾರು, ಅವರು ಹದಿಮೂರು. ನಾನೊಬ್ಬಳು ಒಳಗೆ ಹೋದರೂ ಹದಿನಾಲ್ಕು. ಹದಿನೈದಾಗುವುದಿಲ್ಲ. ಓದಿ, ವಿರೋಧ ಬರೆಸಿ, ಎದ್ದು ಬರುವುದು. ಕೋರಂ ಇಲ್ಲ, ಸಭೆ ಮುಗಿಯಿತು. ಆದರೆ ನನ್ನ "ಬೇಡ" ಅಲ್ಲಿರುತ್ತದೆ.

ಏಪ್ರಿಲ್ 24, ಬುಧವಾರ. ಬೆಳಿಗ್ಗೆ 11

ಕೊರ್ನೆಲಿಯಾಗೆ ಹೇಳಿದೆ. ಮುಖ ಸಣ್ಣದು ಮಾಡಿಕೊಂಡಳು.

"ಒಳಗೆ ಹೋಗ್ಬೇಡಿ ಮೇಡಂ. ಓದ್ಲೇಬೇಕು ಅಂದ್ರೆ ಬಾಗಿಲಲ್ಲಿ ನಿಂತು ಓದಿ."

"ಹೊಸಿಲಲ್ಲಿ ನಿಂತವಳ ಹೆಸರನ್ನ ನಡಾವಳಿಗೆ ಹಾಕಲ್ಲ."

"ಹಾಕ್ದಿದ್ರೆ ಏನಾಯ್ತು?"

ಇವಳಿಗೆ ಏನಂತ ಹೇಳುವುದು. ಮೊನ್ನೆ ಹುಟ್ಟಿದ್ದಾಳೆ.

ಸಂಜೆ 5

ಆದದ್ದು ಆದ ಹಾಗೆ ಬರೆಯುತ್ತೇನೆ.

ಒಂದಕ್ಕೆ ಐದು ನಿಮಿಷ. ಲೈಬ್ರರಿಯ ಗಾಜಿನ ಬಾಗಿಲಿನಿಂದ ಎಣಿಸಿದೆ. ಹದಿಮೂರು. ಮತ್ತೊಂದು ಸಲ ಎಣಿಸಿದೆ. ಹದಿಮೂರು. ಪುಸ್ತಕದ ಕಪಾಟಿನ ಹತ್ತಿರ ಪಾದ್ರಿ ಸೆವೆರಿನ್, ತೊಡೆಯ ಮೇಲೆ ತಟ್ಟೆ, ತಟ್ಟೆಯ ಮೇಲೆ ಬಿಳಿ ಬಟ್ಟೆ. ಹಬ್ಬದಲ್ಲಿ ಉಳಿದ ಕೇಕ್ ಇವತ್ತು ಅವರಿಗೂ ಬಂತು ಅಂದುಕೊಂಡೆ. ಅಂದುಕೊಂಡು ಒಳಗೆ ಹೋದೆ.

ವಾಂಡಾ ಕುರ್ಚಿ ಎಳೆದು ಕೊಟ್ಟಳು. ಹಾಜರಿ ಹಾಳೆ ಮುಂದಿಟ್ಟಳು. "ಸಹಿ ಇಲ್ದೆ ನಡಾವಳಿಗೆ ಬರಲ್ಲ." ಹಾಕಿದೆ. ಹಾಕಿದ ಮೇಲೆ ಕ್ರಮಸಂಖ್ಯೆ ನೋಡಿದೆ. ಹದಿನೈದು. ಮೇಲಿನ ಸಾಲು, ಹದಿನಾಲ್ಕು: ಪಾದ್ರಿ ಸೆವೆರಿನ್, ಧರ್ಮಪಾಠ. ದುಂಡಗಿನ, ಮಕ್ಕಳಂಥ ಅಕ್ಷರ.

ಪಾದ್ರಿ ಮಂಡಳಿಯ ಸದಸ್ಯ. ಕಾನೂನಿನಲ್ಲಿದೆ. ನನಗೆ ಗೊತ್ತು. ಇಪ್ಪತ್ತೆರಡು ವರ್ಷ ಆ ಕಾನೂನಿನ ಪುಸ್ತಕ ನನ್ನ ಡ್ರಾಯರಿನಲ್ಲಿದೆ. ಮಂಡಳಿಯಲ್ಲಿ ಇಪ್ಪತ್ತೊಂಬತ್ತಲ್ಲ, ಮೂವತ್ತು. ಪಾದ್ರಿಗಳನ್ನು ಎಣಿಸುವ ಅಭ್ಯಾಸ ನನಗಿಲ್ಲ. ಅದೇ, ಅಷ್ಟೇ.

"ಹಾಜರಿ ಹದಿನೈದು. ಕೋರಂ ಇದೆ" ಅಂದಳು ವಾಂಡಾ. ನನ್ನ ಕಡೆ ನೋಡಲಿಲ್ಲ.

ಪಾದ್ರಿ ನನ್ನನ್ನು ನೋಡುತ್ತಿದ್ದರು. ಕಿವಿ ಕೆಂಪು. "ಮೇಡಂ, ನೀವೂ ಬಂದ್ರಲ್ಲ, ಒಳ್ಳೇದಾಯ್ತು. ನಾನೊಬ್ಬನೇ ಏನು ಮಾಡ್ಲಿ ಅಂತಿದ್ದೆ."

ಎದ್ದೆ. ವಾಂಡಾ ಮೆಲ್ಲಗೆ, "ಹೇಳಿಕೆ ಓದು ಇರ್ಮಿನಾ. ಅದಕ್ಕೇ ಬಂದಿದ್ದೀಯಲ್ಲ."

ಓದಿದೆ. ಮತ್ತೆ ಕೂತು, ಒಂದೂವರೆ ಪುಟ ಪೂರ್ತಿ. ಧ್ವನಿ ಕೂಡ ಚೆನ್ನಾಗಿ ಬಂತು. ಗಣಿತದ ಇನ್ನೊಬ್ಬ ಮೇಷ್ಟ್ರು ಉಗುರು ನೋಡಿಕೊಳ್ಳುತ್ತಿದ್ದ. ಮತಕ್ಕೆ ಹಾಕಿದರು. ಪರ ಹದಿಮೂರು, ವಿರುದ್ಧ ಒಂದು. ಪಾದ್ರಿ ತಟಸ್ಥ. ನಾಲ್ಕು ನಿಮಿಷ.

ಹೊರಗೆ ಬಂದೆ. ಹದಿನೈದು ಜನ ಎದ್ದು ನಿಂತಿದ್ದರು. ಕೊರ್ನೆಲಿಯಾ ಕೇಳಿದಳು, "ಕೋರಂ ಆಗ್ಲಿಲ್ಲ ಅಲ್ವಾ ಮೇಡಂ?"

"ಆಯ್ತು" ಅಂದೆ.

ಝೆನೊನ್ ಬೆರಳು ಮಡಚಿ ಎಣಿಸಿದ. ಆಮೇಲೆ, "ಗೊತ್ತಾದ ಮೇಲೆ ಮತಕ್ಕೆ ಮುಂಚೆ ಎದ್ದು ಬರಬಹುದಿತ್ತಲ್ಲ. ಬಂದಿದ್ರೆ ಹದಿನಾಲ್ಕಕ್ಕೆ ಬೀಳ್ತಿತ್ತು."

"ಹೇಳಿಕೆ ಓದ್ತಾ ಇದ್ದೆ."

"ಓದ್ತಾ ಇದ್ದೆ" ಅಂದ ಅವನು, ನನ್ನ ಧ್ವನಿಯಲ್ಲೇ. ಚೆಸ್ ಬೋರ್ಡ್ ಮಡಚಿದ. ಒಂದೊಂದೇ ಕಾಯಿ ಪೆಟ್ಟಿಗೆಗೆ ಹಾಕಿದ.

ಏಪ್ರಿಲ್ 25

ವಾರ್ಸಾದಲ್ಲಿ ಹೊಸ ಕಾನೂನು. ಒಂದೇ ದಿನದಲ್ಲಿ ಮುಗಿಸಿದರು. ಇನ್ನು ಮಂಡಳಿ ಸಭೆ ಸೇರದಿದ್ದರೆ ಅಂಕಗಳಿಗೆ ಹೆಡ್ಡು ಒಬ್ಬರೇ ಒಪ್ಪಿಗೆ ಕೊಡಬಹುದು. ಹದಿನೈದು ಬೇಕಿಲ್ಲ. ಒಬ್ಬರು ಸಾಕು.

ಅಂದರೆ ನಾನು ನಿನ್ನೆ ಹೊರಗೇ ಕೂತಿದ್ದರೆ, ಇವತ್ತು ವಾಂಡಾ ಒಬ್ಬಳೇ ಆ ಕಾಗದಕ್ಕೆ ಸಹಿ ಹಾಕಬೇಕಾಗುತ್ತಿತ್ತು. ತಾನೊಬ್ಬಳೇ, ತನ್ನ ಹೆಸರಲ್ಲಿ. ಒಂದು ದಿನ. ಇಪ್ಪತ್ತನಾಲ್ಕು ಗಂಟೆ ಬಾಯಿ ಮುಚ್ಚಿಕೊಂಡು ಕೂರಲಾಗಲಿಲ್ಲ ನನಗೆ.

ಏಪ್ರಿಲ್ 26

ಮುಷ್ಕರ ನಾಳೆಯಿಂದ ಅಮಾನತು. ದೇಶಕ್ಕೆಲ್ಲ. ಸೆಪ್ಟೆಂಬರಿನಲ್ಲಿ ನೋಡೋಣ ಅಂದರು. ಅಮಾನತು ಎನ್ನುವ ಪದ ಯಾರು ಹುಡುಕಿದರೋ.

ಸ್ಟಾಫ್ ರೂಮಿನಲ್ಲಿ ಸಹಿ ಪಟ್ಟಿ ತೆಗೆದಿದ್ದಾರೆ. ಪೆನ್ನು ದಾರದಲ್ಲಿ ನೇತಾಡುತ್ತಿದೆ. ನಾನು ಒಳಗೆ ಹೋದಾಗ ಮಾತು ನಿಂತಿತು. ಕೆಟಲ್ ಕುದಿಯುವ ಸದ್ದು.

ನಡಾವಳಿ ಕೇಳಿ ತೆಗೆದುಕೊಂಡೆ. ವಾಂಡಾ ಪೂರ್ತಿ ಕೊಟ್ಟಳು. ಅದರಲ್ಲಿ: "ಒಂದು ಹೇಳಿಕೆ ಓದಲಾಯಿತು. ಪರ 13, ವಿರುದ್ಧ 1, ತಟಸ್ಥ 1." ಮುಗಿಯಿತು. ಹೆಸರಿಲ್ಲ. ಒಂದೂವರೆ ಪುಟಕ್ಕೆ ಮೂರು ಪದ.

ಅವಳ ಕೋಣೆಗೆ ಹೋದೆ. ಕಾರ್ಪೆಟ್ ಮೇಲೆ ನಿಂತು ಕೇಳಿದೆ, "ಪಾದ್ರಿ ಬರ್ತಾರೆ ಅಂತ ನಿನಗೆ ಗೊತ್ತಿತ್ತು."

"ನಾನೇ ಕರೆದದ್ದು. ಅವರ ಕೆಲಸ ಅದು. ನಿನಗೆ ಎಣಿಸಿಕೊಂಡು ಬಾ ಅಂತ ಹೇಳಿದ್ದೆ."

"ನಾಚಿಕೆ ಆಗಲ್ವಾ ವಾಂಡಾ?"

"ನೂರಾ ಇಪ್ಪತ್ತು ಮಕ್ಕಳು ಪರೀಕ್ಷೆಗೆ ಕೂರ್ತಾರೆ. ನನಗೆ ನಿದ್ದೆ ಬರುತ್ತೆ. ನಿನಗೆ ಹೆಸರು ಬೇಕಿತ್ತು, ಅದು ನನ್ನ ತಪ್ಪಲ್ಲ." ಕನ್ನಡಕ ಒರೆಸಿಕೊಂಡಳು. "ಕಾಫಿ ಕುಡೀತೀಯಾ?"

ಇಲ್ಲ ಎಂದೆ. ಅವಳು ಹೇಳಿದ್ದರಲ್ಲಿ ಸುಳ್ಳು ಹುಡುಕುತ್ತಾ ಮೆಟ್ಟಿಲು ಇಳಿದೆ. ಸಿಗಲಿಲ್ಲ. ಹಾಳಾದವಳು.

ಮೇ 6

ಮತುರಾ ಶುರು. ನನಗೆ ಜಿಮ್ ಹಾಲಿನಲ್ಲಿ ಮೇಲ್ವಿಚಾರಣೆ. ಮಕ್ಕಳು ಕಪ್ಪು ಬಿಳುಪು ಬಟ್ಟೆಯಲ್ಲಿ ಸಾಲಾಗಿ. ಒಬ್ಬ ಹುಡುಗಿ ಪಿಸುಗುಟ್ಟಿದಳು, "ಥ್ಯಾಂಕ್ಸ್ ಮಿಸ್. ನಿಮ್ಮಿಂದ ನಮಗೆ ಪರೀಕ್ಷೆ ಸಿಕ್ತಂತೆ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಇದಕ್ಕಿಂತ ಕೆನ್ನೆಗೆ ಬಾರಿಸಿದ್ದರೆ ವಾಸಿ.

ಮೇ 9

ಸಂಘದ ಮೂರು ಕಾರ್ಡು ವಾಪಸ್. ನನ್ನ ಪೋಸ್ಟ್ ಡಬ್ಬಿಯಲ್ಲಿ, ಲಕೋಟೆ ಕೂಡ ಇಲ್ಲ.

ಪಾದ್ರಿ ಸೆವೆರಿನ್ ಕಾರಿಡಾರಿನಲ್ಲಿ ತಡೆದರು. "ಮೇಡಂ, ನಾನಿದ್ರೆ ಸಂಖ್ಯೆ ಆಗುತ್ತೆ ಅಂತ ನಿಜವಾಗ್ಲೂ ಗೊತ್ತಿರ್ಲಿಲ್ಲ. ನಮಗೆ ಸೆಮಿನರಿಯಲ್ಲಿ ಇದೆಲ್ಲ ಹೇಳಿಕೊಡಲ್ಲ."

"ನನಗೂ ಗೊತ್ತಿರ್ಲಿಲ್ಲ ಫಾದರ್. ಆದ್ರೆ ನನಗೆ ಇದನ್ನ ಹೇಳಿಕೊಟ್ಟಿದ್ರು" ಅಂದೆ.

ಕೇಕ್ ಬೇಕಾ ಎಂದು ಕೇಳಲಿಲ್ಲ, ಪುಣ್ಯ.

ಮೇ 14

ಇನ್ನೂ ಮೂರು. ಒಟ್ಟು ಆರು ಹೋದವು. ಉಳಿದದ್ದು ಹತ್ತು, ನನ್ನನ್ನೂ ಸೇರಿಸಿ. ಹತ್ತಕ್ಕಿಂತ ಕಡಿಮೆಯಾದರೆ ಶಾಲೆಯಲ್ಲಿ ಸಂಘಕ್ಕೆ ಯಾವ ಹಕ್ಕೂ ಇಲ್ಲ. ಯಾರನ್ನಾದರೂ ಕೆಲಸದಿಂದ ತೆಗೆಯುವಾಗ ಹೆಡ್ಡು ನಮ್ಮನ್ನು ಕೇಳಬೇಕಾಗಿಲ್ಲ, ಕಾಗದ ಕಳಿಸಬೇಕಾಗಿಲ್ಲ. ಇದ್ದೂ ಇಲ್ಲದ ಹಾಗೆ. ಈ ಹತ್ತರ ಬಗ್ಗೆ ಇಪ್ಪತ್ತೆರಡು ವರ್ಷದಲ್ಲಿ ಯೋಚಿಸಿಯೇ ಇರಲಿಲ್ಲ.

ಅಪ್ಪ ಊಟಕ್ಕೆ ಕರೆದ. ಆಲೂಗಡ್ಡೆ ದೋಸೆ, ಮೇಲೆ ಹುಳಿ ಕೆನೆ. ಊರಲ್ಲೆಲ್ಲ ಸುದ್ದಿ ಹಬ್ಬಿದೆ, ಅವನ ಕಿವಿಗೂ ಬಿದ್ದಿದೆ. ಮೊದಲು ಹೊಟ್ಟೆ ತುಂಬ ತಿನ್ನಿಸಿದ.

"ಬೈಬೇಕಾ?" ಅಂದ.

"ಬೈ."

"ಮೂರು ವರ್ಷ ಮಾತು ಬಿಟ್ಟಿದ್ದೆ ನೀನು. ನಾನು ಮೂರು ವಾರಕ್ಕೇ ಊಟಕ್ಕೆ ಕರೆದೆ, ನೋಡಿಕೋ."

ಅಳು ಬಂತು. ತಟ್ಟೆಯ ಮುಂದೆ, ಐವತ್ತೆಂಟು ವರ್ಷದ ಹೆಂಗಸು. ಅವನು ಎದ್ದು ಇನ್ನೊಂದು ದೋಸೆ ಹುಯ್ದ.

"ಅವತ್ತು ಯಾಕೆ ಹಾಕ್ದೆ ಅಪ್ಪ?"

"ಕುರ್ಚಿ ಕೊಟ್ರು. ಕೂತೆ." ದೋಸೆ ನನ್ನ ತಟ್ಟೆಗೆ ಹಾಕಿ, "ನೀನಾದ್ರೂ ನಿಂತು ಓದಿದೆ ಅಂತ ಹೇಳಿದ್ರು."

ನಾನು ಕೂತೇ ಓದಿದ್ದೆ. ಹೇಳಲಿಲ್ಲ.

ಮೇ 16

ರಾಜೀನಾಮೆ ಬರೆದೆ. ಅಧ್ಯಕ್ಷಗಿರಿಗೂ ಸದಸ್ಯತ್ವಕ್ಕೂ. ನಾಲ್ಕು ಸಾಲು. ಈ ಸಲ ಉದ್ದ ಬರೆಯಲಿಲ್ಲ. ಕೊರ್ನೆಲಿಯಾಳ ಡಬ್ಬಿಯಲ್ಲಿ ಹಾಕಿದೆ, ಉಪಾಧ್ಯಕ್ಷೆ ಅವಳೇ.

ಹಗುರ ಅನ್ನಿಸಬೇಕಿತ್ತು. ಹಲ್ಲು ಕಿತ್ತ ಜಾಗಕ್ಕೆ ನಾಲಿಗೆ ಹೋದ ಹಾಗೆ ಮನಸ್ಸು ಅಲ್ಲಿಗೇ ಹೋಗುತ್ತಿದೆ.

ಮೇ 18, ಶನಿವಾರ. ಮಧ್ಯಾಹ್ನ

ಬೆಲ್ಲು. ಬಾಗಿಲಲ್ಲಿ ಕೊರ್ನೆಲಿಯಾ. ಸೈಕಲ್ ಹೆಲ್ಮೆಟ್ ಕೈಯಲ್ಲಿ. ಒಳಗೆ ಬಾ ಅಂದೆ. ಬರಲಿಲ್ಲ. ಟೀ ಅಂದೆ. ಬೇಡ ಅಂದಳು. ನನ್ನ ಕಾಗದ ಚಾಚಿದಳು.

"ಇದನ್ನ ವಾಪಸ್ ತಗೊಳ್ಳಿ."

"ಕೊರ್ನೆಲಿಯಾ, ನಾನು—"

"ಅಧ್ಯಕ್ಷಗಿರಿ ಬಿಡಿ. ಅದನ್ನ ನಾನು ತಗೋತೀನಿ. ಸದಸ್ಯತ್ವ ಬಿಡ್ಬೇಡಿ. ನೀವು ಹೋದ್ರೆ ಒಂಬತ್ತು."

"ಉಳಿದವ್ರು ಒಪ್ತಾರಾ?"

"ನಿಮ್ಮನ್ನ ಯಾರೂ ಕ್ಷಮಿಸಿಲ್ಲ ಮೇಡಂ. ನಾನೂ ಕ್ಷಮಿಸಿಲ್ಲ. ನೀವು ಹತ್ತನೆಯವ್ರು, ಅಷ್ಟೆ." ಇದನ್ನು ಸೈಕಲ್ ಮೇಲೆ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿರಬೇಕು. "ಒಂದು ಷರತ್ತು. ಸಭೆಗೆ ಬನ್ನಿ, ಹಿಂದೆ ಕೂತ್ಕೊಳ್ಳಿ. ಮಾತಾಡ್ಬಾರ್ದು. ಇದು ಎಲ್ರೂ ಸೇರಿ ಹೇಳಿದ್ದು. ನೀವು ಬಾಯಿ ತೆಗೆದ್ರೆ ನಾಲ್ಕು ಜನ ಸಂಘ ಬಿಟ್ಟು ಎದ್ದು ಹೋಗ್ತಾರೆ."

"ಯಾರು ನಾಲ್ಕು?"

"ಒಬ್ರು ಝೆನೊನ್ ಸರ್."

ಕಾಗದ ತೆಗೆದುಕೊಂಡೆ. ಒಪ್ಪಿದೆ. ಮೆಟ್ಟಿಲಿಳಿಯುವಾಗ ಒಮ್ಮೆ ನಿಂತಳು, ಏನೋ ಹೇಳುತ್ತಾಳೆ ಅಂದುಕೊಂಡೆ. ಹೆಲ್ಮೆಟ್ ಪಟ್ಟಿ ಹಾಕಿಕೊಂಡಳು, ಹೋದಳು.

ಒಳ್ಳೆಯ ಅಧ್ಯಕ್ಷೆ ಆಗುತ್ತಾಳೆ. ನನಗಿಂತ ಒಳ್ಳೆಯವಳು. ಹಾಗೆ ಅಂದುಕೊಂಡಾಗ ಹೊಟ್ಟೆ ಉರಿಯಿತು ಎಂಬುದನ್ನೂ ಬರೆದುಬಿಡುತ್ತೇನೆ.

ಮೇ 21, ಮಂಗಳವಾರ

ವಾಂಡಾಳ ಕಾಗದ ಸಂಘಕ್ಕೆ ಬಂತು. ನೋಟಿಸ್ ಬೋರ್ಡಿನಲ್ಲಿ ಪ್ರತಿ ಹಾಕಿದ್ದಾರೆ. ಮುಂದಿನ ವರ್ಷ ತರಗತಿ ಕಡಿಮೆ, ಒಂದು ಹುದ್ದೆ ತೆಗೆಯಬೇಕು, ಸಂಘದ ಅಭಿಪ್ರಾಯ ತಿಳಿಸಿ. ಹುದ್ದೆ ವ್ಯಾಯಾಮ ಶಿಕ್ಷಕರದು. ಝೆನೊನ್.

ಪಿಂಚಣಿಗೆ ಅವನಿಗೆ ಇನ್ನೂ ನಾಲ್ಕು ವರ್ಷ. ವ್ಯಾಯಾಮಕ್ಕೆ ಇನ್ನಿಬ್ಬರಿದ್ದಾರೆ, ಇಬ್ಬರೂ ಅವನಿಗಿಂತ ಆಮೇಲೆ ಸೇರಿದವರು, ಇಬ್ಬರೂ ಏಪ್ರಿಲಿನಲ್ಲಿ ಲೈಬ್ರರಿಯ ಒಳಗಿದ್ದವರು. ವಾದ ಮಾಡಿದರೆ ಗೆಲ್ಲುವ ಕೇಸು. 2004ರಲ್ಲಿ, 2011ರಲ್ಲಿ ಇಂಥವೆರಡು ಗೆದ್ದಿದ್ದೇನೆ.

ಬೋರ್ಡಿನ ಮುಂದೆ ಅವನೂ ನಿಂತಿದ್ದ. "ಝೆನೊನ್" ಅಂದೆ. ಸೀಟಿ ಕೊರಳಿಗೆ ಹಾಕಿಕೊಂಡು ಮೈದಾನಕ್ಕೆ ಹೋದ.

ಮೇ 27, ಸೋಮವಾರ. ಮಧ್ಯಾಹ್ನ 2.50

ಜೀವಶಾಸ್ತ್ರದ ಕೊಠಡಿ. ಹಿಂದಿನ ಬೆಂಚು, ಪಕ್ಕದಲ್ಲಿ ಪ್ಲಾಸ್ಟಿಕ್ ಅಸ್ಥಿಪಂಜರ. ಸಭೆ ನಡೆಯುತ್ತಿದೆ. ನೋಟ್ಸ್ ಮಾಡಿಕೊಳ್ಳುವವಳ ಹಾಗೆ ಇದನ್ನು ಬರೆಯುತ್ತಿದ್ದೇನೆ. ಸುಮ್ಮನೆ ಕೂರಲು ಆಗುತ್ತಿಲ್ಲ.

ಕೊರ್ನೆಲಿಯಾ ಹೆಸರು ಕರೆದಳು. ನನ್ನದು ಕೊನೆಗೆ. "ಹತ್ತು" ಅಂದಳು, ಬರೆದುಕೊಂಡಳು. ಯಾರೂ ತಿರುಗಲಿಲ್ಲ.

ಝೆನೊನ್‌ನ ವಿಷಯ. ಚೆನ್ನಾಗಿ ಓದಿಕೊಂಡು ಬಂದಿದ್ದಾಳೆ. ಸೇವಾ ಹಿರಿತನ, ಇನ್ನಿಬ್ಬರ ಗಂಟೆಗಳು, ಎಲ್ಲ ಕಾಗದದಲ್ಲಿ ಇಟ್ಟಿದ್ದಾಳೆ. "ಆಕ್ಷೇಪಣೆಯನ್ನ ಮುಂದಿನ ಸೋಮವಾರ ಕೂತು ಬರೆಯೋಣ. ನಮಗೆ ಹದಿನಾಲ್ಕು ದಿನ ಟೈಮ್ ಇದೆ. ವಕೀಲರಿಗೂ ತೋರಿಸೋಣ, ಅರ್ಜೆಂಟ್ ಬೇಡ."

ಹದಿನಾಲ್ಕಲ್ಲ. ಏಳು. ಇಂಥ ಕಾಗದಕ್ಕೆ ಏಳು ದಿನದೊಳಗೆ ಬರಹದಲ್ಲಿ ಉತ್ತರ ಕೊಡಬೇಕು, ಕೊಡದಿದ್ದರೆ ಒಪ್ಪಿದ ಹಾಗೆ. ಕಾಗದ ಬಂದದ್ದು ಇಪ್ಪತ್ತೊಂದಕ್ಕೆ. ನಾಳೆ ಕೊನೆ.

ಕೈ ಎತ್ತಿದೆ.

"ನಿಮ್ಮನ್ನ ಎಣಿಸಾಯ್ತು ಮೇಡಂ" ಅಂದಳು ಕೊರ್ನೆಲಿಯಾ. ಒರಟಾಗಿ ಅಲ್ಲ. ಮಾತು ಮುಂದುವರಿಸಿದಳು.

ಮುಂದಿನ ಸಾಲಿನಲ್ಲಿ ಇಬ್ಬರು ಚೀಲ ಹೆಗಲಿಗೆ ಹಾಕಿಕೊಳ್ಳುತ್ತಿದ್ದಾರೆ. ಚೀಟಿ ಬರೆದು ಮುಂದೆ ಕಳಿಸಿದೆ. ಬೆಂಚಿನಿಂದ ಬೆಂಚಿಗೆ ಹೋಗಿ ಝೆನೊನ್ ಹತ್ತಿರ ಬಂತು. ನನ್ನ ಅಕ್ಷರ ನೋಡಿದ. ಬಿಡಿಸಲಿಲ್ಲ. ಜೇಬಿಗೆ ಹಾಕಿಕೊಂಡ.

ಎಡಗೈ ಮತ್ತೆ ಎತ್ತಿದ್ದೇನೆ. ಕೊರ್ನೆಲಿಯಾ ನೋಡಿದಳು, ಕಣ್ಣು ಕಾಗದಕ್ಕೆ ಇಳಿಸಿದಳು. ಬಾಯಿ ತೆಗೆದರೆ ನಾಲ್ಕು ಜನ ಎದ್ದು ಹೋಗುತ್ತಾರೆ. ಹೋದರೆ ಆರು, ಆರಕ್ಕೆ ಹಕ್ಕಿಲ್ಲ, ಝೆನೊನ್ ಕೆಲಸ ಹೋಗುತ್ತದೆ. ತೆಗೆಯದಿದ್ದರೆ ನಾಳೆ ಕಳೆಯುತ್ತದೆ, ಝೆನೊನ್ ಕೆಲಸ ಹೋಗುತ್ತದೆ. ಸಭೆ ಮುಗಿದ ಮೇಲೆ ಹೇಳೋಣವೆಂದರೆ ಇವರು ಯಾರು ನನ್ನ ಹತ್ತಿರ ನಿಲ್ಲುತ್ತಾರೆ. ವಾಂಡಾ ಹೇಳಿದ ಹಾಗೆ ಮತ್ತೆ ನನಗೆ ಹೆಸರು ಬೇಕಾಗಿದೆಯೋ ಏನೋ. ಗೊತ್ತಿಲ್ಲ, ಯೋಚಿಸಲು ಹೊತ್ತಿಲ್ಲ. ಎಲ್ಲರೂ ಏಳುತ್ತಿದ್ದಾರೆ. ನಾನೂ ಎದ್ದೆ, ನಿಂತೇ ಬರೆಯುತ್ತಿದ್ದೇನೆ, ಝೆನೊನ್ ತಿರುಗಿದ, ಬಾಗಿಲ ಕಡೆ—